ಸ್ಥಳ ಪರಿಶೀಲನೆ

ಕಾರವಾರದಿಂದ ಹೊರಟಾಗ ಬಗಲಲ್ಲೊಂದು ಕಡತ,
ಕಡತದೊಳಗೆ ಒಂದೇ ಪ್ರಶ್ನೆ:
ಸಹಾಯಧನದ ಎರಡನೇ ಕಂತು
ಕೊಡಬಹುದೇ, ಕೊಡಬಾರದೇ.
ಅಂಚಿನಲ್ಲಿ ಲೆಕ್ಕದ ಸಾಹೇಬರ ಕೆಂಪು ಶಾಯಿ:
‘ಬಿಸಿಲಿಗೆ ಬಿಲ್ಲಿಲ್ಲ. ಮೀನು ಒಣಗಿಸಲು
ಸರ್ಕಾರವೇಕೆ ಒಲೆ ಹೂಡಬೇಕು?’

ಪ್ರಶ್ನೆ ಸರಿಯೇ ಇತ್ತು.
ಆ ದಿನ ಬಿಸಿಲು ಇರಲಿಲ್ಲ, ಅಷ್ಟೆ.
ದೋಣಿ ಮೇಲೆಳೆಯಲು ಇನ್ನು ಹತ್ತೇ ದಿನ;
ಅಂಕೋಲೆಯಲ್ಲಿ ಬಸ್ಸಿಳಿಯುವಾಗ
ಕೇಣಿಯ ಕಡೆ ಕವಿದಿದ್ದ ಮೋಡ
ಅರ್ಜಿ ಹಾಕದೆಯೂ ಮಂಜೂರಾಗಿತ್ತು.

ಮರಳ ಮೇಲೆ ಹಳೆಯ ಬಲೆ, ಬಲೆಯ ಮೇಲೆ ತಾರ್ಲೆ,
ತಾರ್ಲೆಯ ಮೇಲೆ ದಪ್ಪ ದಪ್ಪ ನಾಲ್ಕು ಹನಿ.
ಹೆಂಗಸರು ಓಡಿ ಬಂದರು. ಬುಟ್ಟಿಗೆ ಸಿಕ್ಕಿದ್ದು ಬುಟ್ಟಿಗೆ,
ಸೆರಗಿಗೆ ಸಿಕ್ಕಿದ್ದು ಸೆರಗಿಗೆ,
ಉಳಿದದ್ದು ಕಾಗೆಗೆ.
ನನ್ನ ಕೈಗೂ ಯಾರೋ ಒಂದು ಬುಟ್ಟಿ ಕೊಟ್ಟರು.
ಯಾವ ಇಲಾಖೆ ಎಂದು ಕೇಳಲಿಲ್ಲ.

ಗಾಳಿ ಮರಗಳ ಹಿಂದೆ ತಗಡಿನ ಕೋಣೆ,
ಕೋಣೆಗೊಂದು ಕೊಳವೆ, ಕೊಳವೆಯ ತುದಿಯಲ್ಲಿ
ಹೊಗೆ ಎಂದು ಹೇಳಲಾಗದಷ್ಟು ಹೊಗೆ.
ಉದ್ಘಾಟನೆ ಇನ್ನೂ ಆಗಿಲ್ಲ; ಮಂತ್ರಿಗಳ ದಿನಾಂಕ ಸಿಕ್ಕಿಲ್ಲ.
ಫಲಕಕ್ಕೆ ಹೊದಿಸಿದ್ದ ಹಳದಿ ಬಟ್ಟೆ
ಕೈ ಸುಡದ ಹಾಗೆ
ಬಾಗಿಲ ಹಿಡಿಗೆ ಸುತ್ತಿಕೊಂಡಿದೆ.

‘ಸಾಯೇಬ್ರು ಬರೂವರಿಗೆ ಮೀನು ಕಾಯ್ತದ್ಯೇನ್ರೋ?’
ಗುಲಾಬಿ ಹರಿಕಂತ್ರ, ಸಂಘದ ಅಧ್ಯಕ್ಷೆ,
ಬಾಯಿ ತೆರೆದ ಒಲೆಗೆ ಒಂದು ಮೊರ ಉಣಿಸಿದಳು:
ತೆಂಗಿನ ಸಿಪ್ಪೆ, ಗಾಳಿ ಮರದ ಉದುರು,
ಕಟ್ಟಿಗೆ ಮಿಲ್ಲಿನವರು ಬೇಡವೆಂದ ಹೊಟ್ಟಿನ ಉಂಡೆ.
‘ಜೀವರಾಶಿ ಇಂಧನ’ ಎಂದೆ, ನಮೂನೆ ನೋಡಿ.
‘ಕಸ’ ಎಂದಳು, ನಮೂನೆ ನೋಡದೆ.
‘ನಮ್ಮನೆ ಬಚ್ಚಲ ಒಲೆ ಹುಟ್ಟಿದಾಗಿಂದ ಇದನ್ನೇ ತಿಂತದೆ.
ಅದು ತಿಂದು ನಮ್ಮ ಕಣ್ಣಿಗೆ ಉಗೀತಿತ್ತು.
ಇದು ಹಂಗಲ್ಲ. ಮರ್ಯಾದೆ ಕಲಿತದೆ.’

ಬಿಸಿಲಿನ ಮಾತು ತೆಗೆದೆ. ಅವಳು ನಗಲಿಲ್ಲ.
‘ಬಿಸಲಿಗೆ ಬಿಲ್ಲಿಲ್ಲ, ಹೌದು.
ಮಳೆ ತಕಂಡೋಗದ್ದಕ್ಕೆ ರಸೀದಿ ಕೊಡೂದು ಯಾರು?’

ಮೂರು ಬಿಸಿಲಿನ ಕೆಲಸ ಹನ್ನೊಂದು ತಾಸಿಗೆ,
ಒಂದು ಹೊರೆ ಕಸಕ್ಕೆ ಎರಡು ಬುಟ್ಟಿ ಶೆಟ್ಲಿ,
ಬೂದಿ ಹಿತ್ತಲ ತೆಂಗಿಗೆ. ಬರೆದುಕೊಂಡೆ.
ಬರೆಯದೆ ಉಳಿದದ್ದು ಕೊನೆಗೆ ಕಂಡಿತು:
ಸಂಘದ ಏಳು ಜನರ ಕಿವಿಯಲ್ಲೂ
ಬೇವಿನ ಕಡ್ಡಿ.
ಓಲೆ ಸೊಸೈಟಿಯಲ್ಲಿ ಅಡವಿದೆ.
ಓಲೆ ಇಟ್ಟು ಒಲೆ ತಂದವರು
ಸರ್ಕಾರದ ಓಲೆಗೆ ಕಾಯುತ್ತಿದ್ದಾರೆ.

ಒಂದು ದೀರ್ಘ ಎಷ್ಟು ಭಾರ ನೋಡಿ.

ಸಂಜೆಯ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋದರು,
ನನ್ನ ಅಂಗಿ ಅಷ್ಟು ತಾರ್ಲೆ.
ಮೊಣಕಾಲ ಮೇಲೆ ಟಿಪ್ಪಣಿ ಹಾಳೆ:
‘ಉದ್ಘಾಟನೆಗೆ ಮೊದಲೇ ಬಳಸಿರುವುದು
ನಿಯಮಬಾಹಿರ’ ಎಂದು ಬರೆದೆ, ಹೊಡೆದು ಹಾಕಿದೆ.
‘ಕೈಯಿಟ್ಟು ನೋಡಲಾಯಿತು. ಬಿಸಿಯಿದೆ.
ಕಂತು ಕೊಡಬಹುದು’ ಎಂದು ಬರೆದೆ.
ಹಾರವಾಡದ ತಿರುವಿನಲ್ಲಿ ಅಕ್ಷರ ಕುಲುಕಿತು.
ಹಾಗೆಯೇ ಬಿಟ್ಟೆ.

ಮರುದಿನ ಕಪಾಟಿನ ತಳದಿಂದ ತೆಗೆದೆ:
ಹಾರವಾಡದ್ದು, ಬೇಲೆಕೇರಿಯದ್ದು, ತದಡಿಯದ್ದು,
ಚಹಾದ ಕಲೆಯಡಿ ಹೆಸರು ಕಾಣದ ಇನ್ನೊಂದು ಊರಿನದ್ದು.
ಎಲ್ಲರದ್ದೂ ಇದೇ ಬೇಡಿಕೆ, ಎಲ್ಲಕ್ಕೂ ಇದೇ ಕೆಂಪು ಉತ್ತರ.
ಒಂದೇ ದಾರದಲ್ಲಿ ಕಟ್ಟಿ
ಸಾಹೇಬರ ಮೇಜಿನ ಮೇಲಿಟ್ಟೆ.

‘ಏನಿದು ವಾಸನೆ?’
‘ದಾಖಲೆ, ಸರ್.’

ಮೂಗಿಗೆ ಕರವಸ್ತ್ರ ಹಿಡಿದು ಮೊದಲ ಪುಟ ತೆರೆದರು.
ಕಿಟಕಿಯಾಚೆ ಮಳೆ, ಕಾಳಿ ನದಿಯ ಮೇಲೂ, ಕೇಣಿಯ ಮೇಲೂ.
ಪೆನ್ನಿನ ಟೊಪ್ಪಿಗೆ ತೆಗೆದರು.
ಯಾವ ಬಣ್ಣ ಎಂದು
ನಾನು ನಿಂತಲ್ಲಿಂದ ಕಾಣಲಿಲ್ಲ.